ಮಾಂಸ ಬಿಡಬೇಕು ಅನ್ನಿಸುತ್ತಿದೆ, ಬಿಡಲಾ?

ಪ್ರಶ್ನೆ: ಮೇಡಂ, ನನಗೆ 16 ವರ್ಷ. ನಮ್ಮ ಮನೆಯಲ್ಲಿ ಎಲ್ಲರೂ ಮಾಂಸ ತಿನ್ನುತ್ತೇವೆ. ಎರಡು ತಿಂಗಳ ಹಿಂದೆ ನಮ್ಮ ಬಸ್ಸು ಸಿಗ್ನಲ್‌ನಲ್ಲಿ ಕೋಳಿ ತುಂಬಿದ ಲಾರಿಯ ಪಕ್ಕ ನಿಂತಿತ್ತು. ಒಂದು ಕೋಳಿ ಕಂಬಿಯ ಸಂದಿಯಿಂದ ತಲೆ ಹೊರಗೆ ಹಾಕಿ ನನ್ನನ್ನೇ ನೋಡುತ್ತಿತ್ತು. ಆವತ್ತಿನಿಂದ ಕೋಳಿ ಗಂಟಲಲ್ಲಿ ಇಳಿಯುತ್ತಿಲ್ಲ. ಸಸ್ಯಾಹಾರಿ ಆಗಿಬಿಡೋಣ ಅನ್ನಿಸುತ್ತಿದೆ. ಅಮ್ಮ, 'ಬೆಳೆಯುವ ವಯಸ್ಸು, ಈಗ ಬಿಟ್ಟರೆ ಶಕ್ತಿ ಎಲ್ಲಿಂದ ಬರುತ್ತೆ?' ಅಂತಾರೆ. ನನ್ನ ಗೆಳತಿ, 'ಬಿಡೋದಾದರೆ ಹಾಲು ಮೊಟ್ಟೆ ಎಲ್ಲಾ ಬಿಡು, ಅರ್ಧಂಬರ್ಧ ಯಾಕೆ? ತೂಕಾನೂ ಇಳಿಯುತ್ತೆ' ಅಂತಾಳೆ. ನಿಜಕ್ಕೂ ಬಿಡಲಾ? ಹೇಗೆ ತೀರ್ಮಾನ ಮಾಡಲಿ?

ಉತ್ತರ: ನನ್ನ ಮಗಳ ವಯಸ್ಸು ನಿನ್ನದು, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ.

ಮೊದಲು ಅಮ್ಮನ ಭಯಕ್ಕೆ ಉತ್ತರ ಹೇಳಿಬಿಡುತ್ತೇನೆ. ಆಗುತ್ತದೆ. ಮಾಂಸ ಇಲ್ಲದೆಯೂ 16ರ ವಯಸ್ಸಿನಲ್ಲಿ ಚೆನ್ನಾಗಿ ಬೆಳೆಯಬಹುದು, ಓದಬಹುದು, ಆಟ ಆಡಬಹುದು. ಅಮೆರಿಕದ ಆಹಾರ ತಜ್ಞರ ಸಂಘವಾದ ಅಕಾಡೆಮಿ ಆಫ್ ನ್ಯೂಟ್ರಿಷನ್ ಅಂಡ್ ಡಯೆಟಿಟಿಕ್ಸ್ 2016ರಲ್ಲಿ ಇದನ್ನೇ ಹೇಳಿತು. ಸರಿಯಾಗಿ ಯೋಚಿಸಿ ರೂಪಿಸಿಕೊಂಡ ಸಸ್ಯಾಹಾರ ಹದಿಹರೆಯವೂ ಸೇರಿದಂತೆ ಎಲ್ಲ ವಯಸ್ಸಿಗೂ ಒಗ್ಗುತ್ತದೆ ಅಂತ. ಆದರೆ 'ಸರಿಯಾಗಿ ಯೋಚಿಸಿ ರೂಪಿಸಿಕೊಂಡ' ಅನ್ನುವ ಮಾತನ್ನು ಎಲ್ಲರೂ ಸರ್ರನೆ ದಾಟಿ ಹೋಗುತ್ತಾರೆ. ಇಷ್ಟು ವರ್ಷ ಹದಿಹರೆಯದ ಮಕ್ಕಳ ಊಟದ ಡೈರಿ ಓದಿರುವ ನನಗೆ ಇಡೀ ವಾಕ್ಯದ ಜೀವ ಅಲ್ಲೇ ಇದೆ ಅನ್ನಿಸುತ್ತದೆ.

ಒಂದು ಡೈರಿಯ ಕಥೆ ಹೇಳುತ್ತೇನೆ. ಸುಮಾರು ನಿನ್ನ ವಯಸ್ಸಿನ ಒಬ್ಬ ಹುಡುಗಿಯನ್ನು ಅವಳ ತಾಯಿ ಕರೆದುಕೊಂಡು ಬಂದಿದ್ದರು. ಎಂಟು ತಿಂಗಳ ಹಿಂದೆ ಮಾಂಸ ಬಿಟ್ಟಿದ್ದಳು. ಮೆಟ್ಟಿಲು ಹತ್ತಿದರೆ ಏದುಸಿರು, ಕ್ಲಾಸಿನಲ್ಲಿ ತೂಕಡಿಕೆ. ಕೆಳಗಿನ ರೆಪ್ಪೆ ಜಗ್ಗಿ ನೋಡಿದೆ. ಕೆಂಪಗಿರಬೇಕಾದ ಒಳಭಾಗ ಬಿಳಿಚಿಕೊಂಡಿತ್ತು. ಒಂದು ವಾರ ತಿಂದದ್ದನ್ನೆಲ್ಲ ಬರೆದುಕೊಂಡು ಬಾ ಅಂದೆ. ಚಂದದ ಅಕ್ಷರದಲ್ಲಿ ಬರೆದು ತಂದಳು. ಸೋಮವಾರ ರಾತ್ರಿ: ಅನ್ನ, ಆಲೂಗಡ್ಡೆ. ಮಂಗಳವಾರ: ಬ್ರೆಡ್, ಜಾಮ್. ಬುಧವಾರ: ಅನ್ನ, ಆಲೂಗಡ್ಡೆ, ಚಿಪ್ಸ್. ಗುರುವಾರ: ಹಸಿವಿಲ್ಲ, ಟೀ. ಆ ಮನೆಯಲ್ಲಿ ಎಲ್ಲರಿಗೂ ಮೊದಲಿನ ಅಡುಗೆಯೇ ಆಗುತ್ತಿತ್ತು. ಇವಳು ತನ್ನ ಪಾಲಿನ ಮಾಂಸ ಬಿಟ್ಟು ಉಳಿದದ್ದನ್ನು ತಿಂದು ಎದ್ದು ಹೋಗುತ್ತಿದ್ದಳು. ಏಳು ದಿನಗಳಲ್ಲಿ ಒಂದೇ ಒಂದು ಸಲ ಬೇಳೆ ಕಾಣಿಸಿತ್ತು.

ಅವಳ ತಾಯಿ, 'ನೋಡಿ ಮೇಡಂ, ಮಾಂಸ ಬಿಟ್ಟಿದ್ದಕ್ಕೆ ಹೀಗಾಯ್ತು' ಅಂದರು. ನಾನು ಡೈರಿಯನ್ನು ಅವರ ಕೈಗೆ ಕೊಟ್ಟೆ. ಅವರು ಓದಿ ಸುಮ್ಮನಾದರು. ತಟ್ಟೆಯಲ್ಲಿ ಖಾಲಿಯಾದ ಜಾಗಕ್ಕೆ ಎಂಟು ತಿಂಗಳಿಂದ ಏನೂ ಬಂದಿರಲಿಲ್ಲ. ಹಾಗಾಗಿ ನಿನ್ನ ಪ್ರಶ್ನೆಯನ್ನು ನಾನು ಸ್ವಲ್ಪ ತಿರುಗಿಸಿ ಕೇಳುತ್ತೇನೆ. ಬಿಡಲಾ ಅಂತ ಕೇಳಿದ್ದೀಯ. ಬಿಟ್ಟ ಜಾಗಕ್ಕೆ ಏನು ಹಾಕಿಕೊಳ್ಳುತ್ತೀಯ? ಇದಕ್ಕೆ ನಿನ್ನ ಹತ್ತಿರ ಉತ್ತರ ಇದ್ದರೆ ಬಿಡು. ಇನ್ನೂ ಇಲ್ಲದಿದ್ದರೆ ಉತ್ತರ ಸಿಗುವ ತನಕ ತಡಿ. ತಡೆದರೆ ಏನೂ ಹಾಳಾಗುವುದಿಲ್ಲ.

ಅದಕ್ಕೂ ಮುಂಚೆ ಕಾರಣದ ಮಾತು. ನಿನ್ನ ಪತ್ರದಲ್ಲಿ ಎರಡು ಕಾರಣಗಳಿವೆ. ಒಂದು ನಿನ್ನದು, ಇನ್ನೊಂದು ಗೆಳತಿಯದು.

ನಿನ್ನದು ಆ ಕೋಳಿಯ ಕಣ್ಣು. ಅದನ್ನು ಯಾರಾದರೂ 'ವಯಸ್ಸಿನ ಹುಚ್ಚು, ನಾಲ್ಕು ದಿನಕ್ಕೆ ಸರಿಹೋಗುತ್ತೆ' ಅಂದರೆ ಬೇಜಾರು ಮಾಡಿಕೊಳ್ಳಬೇಡ. ನಾನು ಹಾಗೆ ಅನ್ನುವುದಿಲ್ಲ. ಎದುರಿಗಿರುವ ಜೀವವೊಂದು ಕಷ್ಟದಲ್ಲಿದೆ ಅಂತ ನಿನಗೆ ತಿಳಿಯಿತು, ಆ ತಿಳಿವಳಿಕೆ ತಟ್ಟೆಯ ತನಕ ಬಂತು. ಆ ಲಾರಿ ಒಂದೇ ಅಲ್ಲ. ಜಗತ್ತಿನಲ್ಲಿ ಒಂದು ವರ್ಷಕ್ಕೆ ಮಾಂಸಕ್ಕಾಗಿ ಕೊಲ್ಲುವ ಕೋಳಿಗಳ ಸಂಖ್ಯೆ 7,000 ಕೋಟಿಗಿಂತ ಜಾಸ್ತಿ. ಇಷ್ಟು ದೊಡ್ಡ ವಿಷಯದ ಬಗ್ಗೆ 16 ವರ್ಷದವಳು ಯೋಚಿಸುತ್ತಾಳೆ ಅಂದರೆ ನನಗೆ ಸಂತೋಷವೇ.

ಹಾಗಂತ ಈ ಕಾರಣವನ್ನು ಹಿಡಿದು ಹೊರಟರೆ ಮುಂದೆ ಏನೇನು ಎದುರಾಗುತ್ತದೆ ಅಂತ ಈಗಲೇ ಗೊತ್ತಿರಲಿ. ಮೊಟ್ಟೆಗಾಗಿ ಸಾಕುವ ತಳಿಯ ಕೋಳಿಗಳಲ್ಲಿ ಗಂಡು ಮರಿ ಮೊಟ್ಟೆ ಇಡುವುದಿಲ್ಲ, ಮಾಂಸಕ್ಕೆ ಬೇಕಾದಷ್ಟು ಬೇಗ ಬೆಳೆಯುವುದೂ ಇಲ್ಲ. ಬಹಳ ಕಡೆ ಅವನ್ನು ಹುಟ್ಟಿದ ದಿನವೇ ಕೊಲ್ಲುತ್ತಾರೆ. ಜರ್ಮನಿ 2022ರಿಂದ ಅದನ್ನು ನಿಷೇಧಿಸಿದೆ. ಹಸು ಹಾಲು ಕೊಡಬೇಕಾದರೆ ಕರು ಹಾಕಬೇಕು, ಆ ಕರು ಗಂಡಾದರೆ ಅದರ ಗತಿ ಏನು ಅನ್ನುವ ಪ್ರಶ್ನೆ ಬರುತ್ತದೆ. ನಿನ್ನ ಗೆಳತಿ 'ಅರ್ಧಂಬರ್ಧ ಯಾಕೆ' ಅನ್ನುವುದು ಇದಕ್ಕೇ ಇರಬಹುದು. ಅವಳ ತರ್ಕದಲ್ಲಿ ತಪ್ಪಿಲ್ಲ. ಆದರೆ ಅವಳ ತರ್ಕಕ್ಕೆ ನಿನ್ನ ಮೂಳೆ, ರಕ್ತ, ಪರೀಕ್ಷೆಯ ವರ್ಷ ಯಾವುದೂ ಗೊತ್ತಿಲ್ಲ. ಹತ್ತು ಕೋಳಿಗೆ ನೋವಾಗುವ ಕಡೆ ಒಂದಕ್ಕೆ ಮಾತ್ರ ಆದರೆ ಅದು ಒಂಬತ್ತು ಕೋಳಿಗೆ ಒಳ್ಳೆಯದೇ ಅಲ್ವಾ? ಅರ್ಧ ದಾರಿ ನಡೆದವರು ಏನೂ ನಡೆಯಲಿಲ್ಲ ಅಂತ ನಾನು ಒಪ್ಪುವುದಿಲ್ಲ.

ಕೆಲವರು ಭೂಮಿಯ ಬಿಸಿಯ ಕಾರಣಕ್ಕೆ ಮಾಂಸ ಬಿಡುತ್ತಾರೆ. ಅದೂ ಗಟ್ಟಿ ಕಾರಣ. ಮನುಷ್ಯರಿಂದ ಗಾಳಿಗೆ ಸೇರುವ ಹಸಿರುಮನೆ ಅನಿಲಗಳಲ್ಲಿ ಶೇ. 14.5ರಷ್ಟು ಜಾನುವಾರು ಸಾಕಣೆಯಿಂದ ಬರುತ್ತದೆ ಅಂತ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಲೆಕ್ಕ ಹಾಕಿತ್ತು. ಆದರೆ ಈ ಕಾರಣ ಹಿಡಿದವರ ತಟ್ಟೆ ಬೇರೆ ಥರ ಇರುತ್ತದೆ. ಪರಿಸರದ ಮೇಲೆ ಅತಿ ಹೆಚ್ಚು ಭಾರ ಬೀಳುವುದು ದನದ ಮಾಂಸದಿಂದ, ಆಮೇಲೆ ಕುರಿ. ಕೋಳಿಯದು ಅವುಗಳಿಗಿಂತ ತುಂಬಾ ಕಡಿಮೆ. 119 ದೇಶಗಳ ಸುಮಾರು 38,700 ಜಮೀನುಗಳ ಮಾಹಿತಿ ಸೇರಿಸಿ 2018ರಲ್ಲಿ ಬಂದ ಅಧ್ಯಯನದಲ್ಲಿ, ಅಷ್ಟೇ ಪ್ರೋಟೀನ್‌ಗೆ ಹೋಲಿಸಿದರೆ ಚೀಸ್ ಕೂಡ ಕೋಳಿಗಿಂತ ಜಾಸ್ತಿ ಭಾರ ಹಾಕುತ್ತದೆ ಅಂತ ಗೊತ್ತಾಯಿತು. ಬೇಳೆ ಕಾಳು ಇವೆಲ್ಲಕ್ಕಿಂತ ಹಗುರ. ದನದ ಮಾಂಸ ಬಿಟ್ಟು ಅದರ ಬದಲು ಕೋಳಿ ತಿಂದರೆ ಗಾಳಿಗೆ ಒಳ್ಳೆಯದು. ಆದರೆ ಕೋಳಿ ಚಿಕ್ಕದು, ಅಷ್ಟೇ ಮಾಂಸಕ್ಕೆ ಎಷ್ಟೋ ಜಾಸ್ತಿ ಜೀವ ಹೋಗುತ್ತದೆ. ಕಾರಣ ಯಾವುದು ಅಂತ ಮೊದಲೇ ಸ್ಪಷ್ಟ ಇರಬೇಕು ಅನ್ನುವುದು ಇದಕ್ಕೇ. ಕಾರಣ ಬದಲಾದರೆ ಮೊದಲು ಯಾವುದನ್ನು ಬಿಡಬೇಕು ಅನ್ನುವುದೂ ಬದಲಾಗುತ್ತದೆ.

ಆರೋಗ್ಯಕ್ಕಾಗಿ ಬಿಡುವವರಿಗೆ ನಾನು ಹೇಳುವುದು ಸ್ವಲ್ಪವೇ. ಉಪ್ಪು ಹಾಕಿ, ಹೊಗೆಯಾಡಿಸಿ ಸಂಸ್ಕರಿಸಿದ ಮಾಂಸ ಕ್ಯಾನ್ಸರ್ ತರಬಲ್ಲದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಹೇಳಿದೆ. ಅದನ್ನು ಬಿಡುವುದು ಎಲ್ಲರಿಗೂ ಒಳ್ಳೆಯದು. ಬ್ರಿಟನ್ನಿನಲ್ಲಿ 1993ರಿಂದ ಸುಮಾರು 65,000 ಜನರನ್ನು ಗಮನಿಸುತ್ತಾ ಬಂದ ಒಂದು ದೊಡ್ಡ ಅಧ್ಯಯನವಿದೆ. ಅದರಲ್ಲಿ ಸಸ್ಯಾಹಾರಿಗಳಿಗೆ ಹೃದಯದ ರಕ್ತನಾಳದ ಕಾಯಿಲೆ ಕಡಿಮೆ ಕಂಡಿತು. ಆದರೆ ಪಾರ್ಶ್ವವಾಯು ಸ್ವಲ್ಪ ಜಾಸ್ತಿ ಕಂಡಿತು. ಹಾಲು ಮೊಟ್ಟೆಯನ್ನೂ ತಿನ್ನದವರಲ್ಲಿ ಸೊಂಟದ ಮೂಳೆ ಮುರಿತವೂ ಜಾಸ್ತಿ ಇತ್ತು. ಅವರೆಲ್ಲ ದೊಡ್ಡವರು, ನಿನ್ನ ವಯಸ್ಸಿನವರಲ್ಲ. ಸಸ್ಯಾಹಾರಿ ಅನ್ನುವ ಹೆಸರೇ ಯಾರನ್ನೂ ಕಾಪಾಡುವುದಿಲ್ಲ ಅಂತ ತಿಳಿಯಲು ಇಷ್ಟು ಸಾಕು. ಚಿಪ್ಸ್, ಬಿಸ್ಕತ್ತು, ತಂಪು ಪಾನೀಯ ಎಲ್ಲವೂ ಸಸ್ಯಾಹಾರವೇ.

ಈಗ ಗೆಳತಿಯ ಕಾರಣಕ್ಕೆ ಬರುತ್ತೇನೆ. 'ತೂಕಾನೂ ಇಳಿಯುತ್ತೆ' ಅನ್ನುವ ಮಾತು. ಇಲ್ಲಿ ನಾನು ಸ್ವಲ್ಪ ನಿಂತು ಮಾತಾಡಬೇಕು, ಯಾಕೆಂದರೆ ನನಗೆ ಅತಿ ಜಾಸ್ತಿ ಚಿಂತೆ ಆಗುವುದು ಇಲ್ಲಿಯೇ.

ನಿನ್ನನ್ನು ನೀನೇ ಒಂದು ಪ್ರಶ್ನೆ ಕೇಳಿಕೋ. ಯಾರೂ ಇಲ್ಲದಾಗ, ಸುಳ್ಳು ಹೇಳದೆ. ಮಾಂಸ ಬಿಟ್ಟರೆ ನಿನ್ನ ತೂಕ ಎರಡು ಕೆ.ಜಿ. ಏರುತ್ತದೆ ಅಂತ ಯಾರಾದರೂ ಖಚಿತವಾಗಿ ಹೇಳಿದರೆ ಆಗಲೂ ಬಿಡುತ್ತೀಯಾ? ಹೌದು, ಆ ಕೋಳಿಗಾಗಿ ಬಿಡುತ್ತೇನೆ ಅನ್ನಿಸಿದರೆ ಒಳ್ಳೆಯದು, ಮುಂದೆ ಓದು. ಎದೆಯಲ್ಲಿ ಏನೋ ಝಲ್ ಅಂದರೆ, ಬೇಡಪ್ಪಾ ಅನ್ನಿಸಿದರೆ, ಸಸ್ಯಾಹಾರದ ಮಾತು ಸದ್ಯಕ್ಕೆ ಪಕ್ಕಕ್ಕಿಡು. ಆಗ ಮೊದಲು ಮಾತಾಡಬೇಕಾದ್ದು ತೂಕದ ಬಗ್ಗೆ, ಕನ್ನಡಿಯಲ್ಲಿ ನೋಡಿಕೊಂಡಾಗ ನಿನಗೇನು ಅನ್ನಿಸುತ್ತದೆ ಅನ್ನುವುದರ ಬಗ್ಗೆ. ಅಮ್ಮನ ಜೊತೆಗೋ, ನಂಬಿಕೆಯ ಟೀಚರ್ ಜೊತೆಗೋ, ಡಾಕ್ಟರ್ ಜೊತೆಗೋ ಮಾತಾಡು.

ಇದನ್ನು ಸುಮ್ನೆ ಹೇಳುತ್ತಿಲ್ಲ. ಊಟಕ್ಕೆ ಹೆದರುವ ಕಾಯಿಲೆ ಅಂತ ಒಂದಿದೆ. ತೂಕ ಹೆಚ್ಚಾಗುತ್ತದೆ ಅನ್ನುವ ಭಯದಿಂದ ಊಟವನ್ನು ದಿನೇ ದಿನೇ ಕಡಿಮೆ ಮಾಡುತ್ತಾ ಹೋಗುವುದು. ಹುಡುಗರಿಗೂ ಬರುತ್ತದೆ, ಹುಡುಗಿಯರಿಗೆ ಜಾಸ್ತಿ. ಈ ಕಾಯಿಲೆ ಇರುವವರಲ್ಲಿ ಬಹಳ ಮಂದಿ 'ನಾನು ಸಸ್ಯಾಹಾರಿ' ಅನ್ನುತ್ತಾರೆ. ಸಸ್ಯಾಹಾರದಿಂದ ಕಾಯಿಲೆ ಬಂತು ಅಂತಲ್ಲ. ಎಷ್ಟೋ ಸಲ ಕಾಯಿಲೆ ಮೊದಲು ಬಂದಿರುತ್ತದೆ. ಆಮೇಲೆ 'ನಾನು ಅದು ತಿನ್ನಲ್ಲ' ಅನ್ನುವುದಕ್ಕೆ ಯಾರೂ ಪ್ರಶ್ನಿಸದ ಒಂದು ಕಾರಣ ಸಿಕ್ಕಿರುತ್ತದೆ. ಮಾಂಸದ ಹಿಂದೆಯೇ ಎಣ್ಣೆ ಹೋಗುತ್ತದೆ, ಕಡಲೆಕಾಯಿ ಬೀಜ ಹೋಗುತ್ತದೆ, ಅನ್ನ ಅರ್ಧವಾಗುತ್ತದೆ. ಮುಟ್ಟು ಏರುಪೇರಾಗುತ್ತದೆ ಅಥವಾ ನಿಂತೇ ಹೋಗುತ್ತದೆ. ಪ್ರಾಣಿಗಾಗಿ ಬಿಟ್ಟವರು ಹಾಗಲ್ಲ. ಅವರಿಗೆ ಹಸಿವಾಗುತ್ತದೆ. ಮಾಂಸವಿಲ್ಲದ ರುಚಿಯಾದ ಅಡುಗೆ ಕಂಡರೆ ಇನ್ನೊಂದು ಸಲ ಹಾಕಿಸಿಕೊಳ್ಳುತ್ತಾರೆ. ಈ ವ್ಯತ್ಯಾಸ ನನಗೆ ಕ್ಲಿನಿಕ್ಕಿನಲ್ಲಿ ಹತ್ತು ನಿಮಿಷದಲ್ಲಿ ಕಾಣುತ್ತದೆ. ನಿನಗೆ ನಿನ್ನೊಳಗೆ ಅದಕ್ಕಿಂತ ಬೇಗ ಕಾಣುತ್ತದೆ.

ಇನ್ನು ದೇಹದ ಲೆಕ್ಕ. ನಾನು ಕೊಡುವ ಅಂಕಿಗಳು ಅಮೆರಿಕದ ಪೋಷಣಾ ಮಾನದಂಡದವು. ದೇಶದಿಂದ ದೇಶಕ್ಕೆ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ.

ಎಲ್ಲರೂ ಪ್ರೋಟೀನ್‌ಗೆ ಹೆದರುತ್ತಾರೆ. ನಾನು ಅದಕ್ಕೆ ಅಷ್ಟು ಹೆದರುವುದಿಲ್ಲ. ನಿನ್ನ ವಯಸ್ಸಿಗೆ ಪ್ರತಿ ಕೆ.ಜಿ. ತೂಕಕ್ಕೆ ದಿನಕ್ಕೆ 0.85 ಗ್ರಾಂ ಬೇಕು. 50 ಕೆ.ಜಿ. ಇದ್ದರೆ ಸುಮಾರು 43 ಗ್ರಾಂ. ಬೇಯಿಸಿದ ಕಾಳು ಒಂದು ದೊಡ್ಡ ಬಟ್ಟಲು ತಿಂದರೆ ಸುಮಾರು 15 ಗ್ರಾಂ, ಎರಡು ದೊಡ್ಡ ಲೋಟ ಹಾಲಿನಿಂದ 16, ಒಂದು ಮೊಟ್ಟೆಯಿಂದ 6. ಉಳಿದದ್ದು ಅನ್ನ, ಬ್ರೆಡ್, ಬೀಜಗಳಿಂದ ತಾನಾಗಿ ತುಂಬುತ್ತದೆ. ಕಾಳು ಮತ್ತು ಧಾನ್ಯವನ್ನು ಒಂದೇ ಊಟದಲ್ಲಿ ಸೇರಿಸಲೇಬೇಕು ಅಂತ ಹಿಂದೆ ಹೇಳುತ್ತಿದ್ದರು. ಹಾಗೇನೂ ಇಲ್ಲ, ಇಡೀ ದಿನದಲ್ಲಿ ಎರಡೂ ಬಂದರೆ ಸಾಕು. ಷರತ್ತು ಒಂದೇ. ಕಾಳು ದಿನಾ ಇರಬೇಕು, ವಾರಕ್ಕೊಮ್ಮೆ ಅಲ್ಲ.

ನಾನು ಹೆದರುವುದು ಕಬ್ಬಿಣಾಂಶಕ್ಕೆ. 14ರಿಂದ 18ರ ಹುಡುಗಿಯರಿಗೆ ದಿನಕ್ಕೆ 15 ಮಿಲಿಗ್ರಾಂ ಬೇಕು, ಹುಡುಗರಿಗೆ 11. ಬೆಳೆಯುವ ದೇಹ ಒಂದು ಕಡೆ ಎಳೆಯುತ್ತದೆ, ಪ್ರತಿ ತಿಂಗಳ ಮುಟ್ಟು ಇನ್ನೊಂದು ಕಡೆ. ಮಾಂಸದಲ್ಲಿರುವ ಕಬ್ಬಿಣಾಂಶವನ್ನು ಕರುಳು ಸುಲಭವಾಗಿ ಹೀರಿಕೊಳ್ಳುತ್ತದೆ. ಕಾಳು ಸೊಪ್ಪಿನಲ್ಲಿರುವುದು ಹಾಗಲ್ಲ. ಅದು ಜೊತೆಯಲ್ಲಿ ಯಾರು ಬಂದರು ಅಂತ ನೋಡಿ ಒಳಗೆ ಹೋಗುತ್ತದೆ. ಹಾಗಾಗಿ ಸಸ್ಯಾಹಾರಿಗಳಿಗೆ 1.8 ಪಟ್ಟು ಜಾಸ್ತಿ ಬೇಕು ಅಂತ ಲೆಕ್ಕ ಹಾಕುತ್ತಾರೆ. ನಿನಗೆ ಅದು 27 ಮಿಲಿಗ್ರಾಂ ಆಗುತ್ತದೆ. ಅಷ್ಟನ್ನು ಊಟದಿಂದಲೇ ತುಂಬಿಸುವುದು ಸುಲಭವಲ್ಲ ಅಂತ ನಾನು ಒಪ್ಪುತ್ತೇನೆ. ಅದಕ್ಕೇ ಜೊತೆಗಾರರನ್ನು ಸರಿ ಮಾಡಿಕೊಳ್ಳಬೇಕು.

ಒಳ್ಳೆಯ ಜೊತೆಗಾರ ಸಿ ವಿಟಮಿನ್. ಕಾಳಿನ ಮೇಲೆ ನಿಂಬೆ ಹಿಂಡು. ಊಟದ ಜೊತೆ ಟೊಮೆಟೊ, ಕಿತ್ತಳೆ, ಸೀಬೆ, ದಪ್ಪ ಮೆಣಸಿನಕಾಯಿ ಏನಾದರೂ ಒಂದು ಇರಲಿ. ಊಟವಾದ ಮೇಲೆ ಯಾವಾಗಲೋ ತಿಂದರೆ ಅಷ್ಟು ಉಪಯೋಗವಿಲ್ಲ, ಅದೇ ಊಟದ ಜೊತೆಗೇ ಬೇಕು. ಕೆಟ್ಟ ಜೊತೆಗಾರರು ಟೀ ಮತ್ತು ಕಾಫಿ. ನಾನು ಡೈರಿ ಓದಿದ ಆ ಹುಡುಗಿ ಊಟ ಮಾಡುತ್ತಲೇ ಟೀ ಕುಡಿಯುತ್ತಿದ್ದಳು. ಟೀಯನ್ನು ಊಟಕ್ಕಿಂತ ಒಂದು ಗಂಟೆ ದೂರ ಇಡು ಅಂತ ಅವಳಿಗೆ ಹೇಳಿದೆ. ಕಾಳನ್ನು ನೆನೆಸಿದರೆ, ಮೊಳಕೆ ಬರಿಸಿದರೆ ಕಬ್ಬಿಣಾಂಶವನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಕಡಿಮೆಯಾಗುತ್ತದೆ. ಕಬ್ಬಿಣದ ಬಾಣಲೆಯಲ್ಲಿ ಹುಳಿಯಿರುವ ಅಡುಗೆ ಮಾಡಿದರೆ ಬಾಣಲೆಯಿಂದಲೂ ಸ್ವಲ್ಪ ಸೇರುತ್ತದೆ. ಆದರೆ ಒಂದು ಎಚ್ಚರಿಕೆ. ರಕ್ತ ಪರೀಕ್ಷೆ ಮಾಡಿಸದೆ ಕಬ್ಬಿಣದ ಮಾತ್ರೆ ನುಂಗಬೇಡ. ಜಾಸ್ತಿಯಾದರೆ ಅದೂ ಕೆಡುಕು.

ಎರಡನೆಯ ಭಯ ಬಿ12 ವಿಟಮಿನ್. ಇದನ್ನು ಗಿಡ ಮಾಡುವುದಿಲ್ಲ, ಪ್ರಾಣಿಯೂ ಮಾಡುವುದಿಲ್ಲ. ಬ್ಯಾಕ್ಟೀರಿಯಾ ಮಾಡುತ್ತವೆ, ನಮಗೆ ಸಿಗುವುದು ಪ್ರಾಣಿಗಳ ಮೂಲಕ. ದಿನಕ್ಕೆ ಬೇಕಾಗಿರುವುದು 2.4 ಮೈಕ್ರೋಗ್ರಾಂ, ಕಣ್ಣಿಗೆ ಕಾಣದಷ್ಟು. ಅಷ್ಟು ಇಲ್ಲದಿದ್ದರೆ ನರಗಳಿಗೇ ಪೆಟ್ಟು ಬೀಳುತ್ತದೆ. ಇದರ ಮೋಸ ಏನೆಂದರೆ ಲಿವರ್‌ನಲ್ಲಿ ವರ್ಷಗಟ್ಟಲೆಗೆ ಆಗುವಷ್ಟು ದಾಸ್ತಾನು ಇರುತ್ತದೆ. ಬಿಟ್ಟ ಮೇಲೆ ಒಂದು ವರ್ಷ, ಎರಡು ವರ್ಷ ಏನೂ ಗೊತ್ತಾಗದೆ ಇರಬಹುದು. 'ನೋಡು, ನನಗೇನೂ ಆಗಿಲ್ಲ' ಅಂತ ಧೈರ್ಯ ಬಂದಿರುತ್ತದೆ. ಆಮೇಲೆ ಕೈಕಾಲು ಜುಮುಜುಮು, ನಾಲಿಗೆ ಉರಿ, ಮರೆವು, ಸುಸ್ತು. ಸೊಪ್ಪು ಕಾಳು ಚೆನ್ನಾಗಿ ತಿನ್ನುವವರಲ್ಲಿ ಇನ್ನೊಂದು ತೊಡಕಿದೆ. ಅವುಗಳಲ್ಲಿರುವ ಫೋಲೇಟ್ ಅನ್ನುವ ಇನ್ನೊಂದು ಬಿ ವಿಟಮಿನ್ ರಕ್ತಹೀನತೆಯನ್ನು ಮುಚ್ಚಿಹಾಕಬಹುದು, ಒಳಗೆ ನರಗಳ ಹಾನಿ ಮಾತ್ರ ನಡೆಯುತ್ತಲೇ ಇರುತ್ತದೆ.

ಹಾಲು, ಮೊಸರು, ಮೊಟ್ಟೆ ತಿನ್ನುವುದಾದರೆ ದಾರಿ ಸುಲಭ. ಎರಡು ದೊಡ್ಡ ಲೋಟ ಹಾಲಿನಲ್ಲೇ ಹೆಚ್ಚುಕಡಿಮೆ ದಿನದ ಬಿ12 ಬರುತ್ತದೆ. ಮೊಟ್ಟೆಯಲ್ಲಿ ಸುಮಾರು ಅರ್ಧ ಮೈಕ್ರೋಗ್ರಾಂ ಇದೆ. ಇವನ್ನೂ ಬಿಡುವುದಾದರೆ ಬಿ12 ಮಾತ್ರೆ ಅಥವಾ ಬಿ12 ಸೇರಿಸಿದ ಆಹಾರ ಬೇಕೇ ಬೇಕು. ಬೇಕಾದರೆ ತಗೋ, ಬೇಡವಾದರೆ ಬಿಡು ಅನ್ನುವ ಮಾತೇ ಇಲ್ಲಿಲ್ಲ. ಸ್ಪಿರುಲಿನಾ (ಪುಡಿ, ಮಾತ್ರೆಯಾಗಿ ಮಾರುವ ಒಂದು ಬಗೆಯ ಪಾಚಿ) ತಿನ್ನು, ಹುದುಗು ಬರಿಸಿದ್ದು ತಿನ್ನು ಅಂತ ಯಾರಾದರೂ ಹೇಳಿದರೆ ನಂಬಬೇಡ. ಸ್ಪಿರುಲಿನಾದಲ್ಲಿ ಇರುವುದು ಬಹುಪಾಲು ನಮ್ಮ ದೇಹ ಬಳಸಲಾಗದ ನಕಲಿ ಬಿ12.

ಕ್ಯಾಲ್ಸಿಯಂ ಬಗ್ಗೆ ಒಂದೇ ಮಾತು. 9ರಿಂದ 18ರ ತನಕ ದಿನಕ್ಕೆ 1,300 ಮಿಲಿಗ್ರಾಂ ಬೇಕು, ಜೀವಮಾನದಲ್ಲೇ ಅತಿ ಜಾಸ್ತಿ. ಹುಡುಗಿಯರ ಮೂಳೆ ತುಂಬುವ ಕೆಲಸದಲ್ಲಿ ಬಹುಪಾಲು 18ರೊಳಗೆ ಮುಗಿಯುತ್ತದೆ. ಈಗ ಇಟ್ಟದ್ದನ್ನೇ ಮುಂದೆ ಅರವತ್ತು ವರ್ಷ ಬಳಸಬೇಕು. ಹಾಲು, ಮೊಸರು, ಎಳ್ಳು, ಕ್ಯಾಲ್ಸಿಯಂ ಹಾಕಿ ಮಾಡಿದ ತೋಫು ಒಳ್ಳೆಯವು. ಪಾಲಕ್ ಸೊಪ್ಪಿನಲ್ಲಿ ಕ್ಯಾಲ್ಸಿಯಂ ಇದೆ, ಆದರೆ ಅದರಲ್ಲೇ ಇರುವ ಆಕ್ಸಲೇಟ್ ಅದನ್ನು ಬಿಡುವುದಿಲ್ಲ. ಹೀರಿಕೊಳ್ಳುವುದು ನೂರಕ್ಕೆ ಐದು ಪಾಲು ಮಾತ್ರ. ಅಯೋಡಿನ್‌ಗೆ ಅಯೋಡಿನ್ ಉಪ್ಪು, ಸತುವಿಗೆ ಬೀಜಗಳು ಮತ್ತು ಕಾಳು, ಒಮೆಗಾ-3ಕ್ಕೆ ಅಗಸೆ ಅಥವಾ ಅಕ್ರೋಟು. ಇವು ತಲೆಬಿಸಿ ಮಾಡಿಕೊಳ್ಳುವಷ್ಟು ದೊಡ್ಡ ವಿಷಯವಲ್ಲ.

ಇಷ್ಟು ಓದಿದ ಮೇಲೆ ನಿನ್ನ ಗೆಳತಿಯ ಸಲಹೆಗೆ ನನ್ನ ಉತ್ತರ ನಿನಗೇ ಹೊಳೆದಿರಬೇಕು. ಮಾಂಸ ಬಿಡುವುದು ಒಂದು ಹೆಜ್ಜೆ, ಹಾಲು ಮೊಟ್ಟೆ ಬಿಡುವುದು ಅದಕ್ಕಿಂತ ಎಷ್ಟೋ ದೊಡ್ಡ ಹೆಜ್ಜೆ. ಎರಡನ್ನೂ ಒಂದೇ ದಿನ ಇಡಬೇಡ. ಮೊದಲನೆಯದರಲ್ಲಿ ಒಂದು ವರ್ಷ ಗಟ್ಟಿಯಾಗಿ ನಿಂತು, ನಿನ್ನ ಅಡುಗೆ ನೀನೇ ಮಾಡಿಕೊಳ್ಳುವಷ್ಟು ಕಲಿತ ಮೇಲೆ ಎರಡನೆಯದರ ಯೋಚನೆ ಮಾಡು. ಆಗಲೂ ಅದು ಸರಿ ಅನ್ನಿಸಿದರೆ ಆಹಾರ ತಜ್ಞರ ಜೊತೆ ಕೂತು ಮಾಡು.

ಕೆಲವರಿಗೆ ನಾನು 'ಈಗ ಬೇಡ' ಅನ್ನುತ್ತೇನೆ. ಈಗಾಗಲೇ ರಕ್ತಹೀನತೆ ಇದ್ದರೆ, ಮುಟ್ಟಿನಲ್ಲಿ ತುಂಬಾ ರಕ್ತ ಹೋಗುತ್ತಿದ್ದರೆ ಮೊದಲು ಅದನ್ನು ಸರಿ ಮಾಡಿಸಿಕೊಳ್ಳಬೇಕು. ಹಾಲು, ಕಡಲೆಕಾಯಿ ಬೀಜ, ಸೋಯಾ ಇವುಗಳ ಅಲರ್ಜಿ ಇದ್ದರೆ ತಟ್ಟೆಗೆ ಉಳಿಯುವುದೇ ಕಡಿಮೆ. ಊಟಕ್ಕೆ ಹೆದರುವ ಕಾಯಿಲೆಯಿಂದ ಈಗಷ್ಟೇ ಹೊರಬಂದವರು ಯಾವ ಊಟವನ್ನೂ ಪಟ್ಟಿಯಿಂದ ತೆಗೆಯಬಾರದು. ಕಾಳು ಕಂಡರೆ ಮುಖ ತಿರುಗಿಸುವವರು ಮೊದಲು ಕಾಳು ತಿನ್ನಲು ಕಲಿಯಲಿ, ಆಮೇಲೆ ಮಾಂಸ ಬಿಡಲಿ. ನೀನು ಇವರಲ್ಲಿ ಒಬ್ಬಳಾ ಅಂತ ನನಗೆ ಪತ್ರದಿಂದ ಗೊತ್ತಾಗುವುದಿಲ್ಲ. ಹಾಗಾಗಿ ಶುರು ಮಾಡುವ ಮುಂಚೆ ಒಂದು ಸಲ ರಕ್ತ ಪರೀಕ್ಷೆ ಮಾಡಿಸು. ಹಿಮೋಗ್ಲೋಬಿನ್, ಫೆರಿಟಿನ್, ಬಿ12. ಹಿಮೋಗ್ಲೋಬಿನ್ ಒಂದೇ ನೋಡಿದರೆ ಸಾಲದು. ಫೆರಿಟಿನ್ ದೇಹದಲ್ಲಿ ಕೂಡಿಟ್ಟ ಕಬ್ಬಿಣಾಂಶ ಎಷ್ಟಿದೆ ಅಂತ ತೋರಿಸುತ್ತದೆ. ಕೂಡಿಟ್ಟದ್ದು ಕರಗಿದ ಮೇಲೆಯೇ ಹಿಮೋಗ್ಲೋಬಿನ್ ಇಳಿಯುವುದು. ಆರು ತಿಂಗಳ ನಂತರ ಮತ್ತೆ ನೋಡು. ಎರಡೂ ಚೀಟಿಗಳನ್ನು ಅಮ್ಮನ ಕೈಗೆ ಕೊಡು. 'ಶಕ್ತಿ ಎಲ್ಲಿಂದ ಬರುತ್ತೆ' ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಉತ್ತರ ಇಲ್ಲ.

ಅಮ್ಮನ ವಿಷಯ ಬಂತು. ಇಷ್ಟು ವರ್ಷ ನಿನ್ನ ಹೊಟ್ಟೆ ತುಂಬಿಸಿದವರು ಅವರು. ನೀನು ತಟ್ಟೆ ತಳ್ಳಿದರೆ ಅವರಿಗೆ ತನ್ನ ಕೈಯನ್ನೇ ತಳ್ಳಿದ ಹಾಗೆ ಅನ್ನಿಸಬಹುದು. ಊಟಕ್ಕೆ ಕೂತಾಗ ಕೋಳಿಯ ಲಾರಿಯ ಮಾತು ಎತ್ತಬೇಡ. ಬೇರೆಯವರ ತಟ್ಟೆ ನೋಡಿ ಮುಖ ಸಿಂಡರಿಸಬೇಡ. ಬೇರೆ ಹೊತ್ತಿನಲ್ಲಿ, ಅಮ್ಮ ಬಿಡುವಾಗಿದ್ದಾಗ, ಬಸ್ಸಿನಲ್ಲಿ ಏನು ನೋಡಿದೆ ಅಂತ ಹೇಳು. ನನಗೆ ಬರೆದ ಹಾಗೆಯೇ ಹೇಳು. ಆಮೇಲೆ, 'ನಿಮಗೆ ಎರಡೆರಡು ಅಡುಗೆಯ ಕೆಲಸ ಹಚ್ಚುವುದಿಲ್ಲ, ಕಾಳಿನ ಅಡುಗೆ ನಾನು ಮಾಡುತ್ತೇನೆ, ಹೇಳಿಕೊಡಿ' ಅನ್ನು. ಹೇಳಿಕೊಡಿ ಅನ್ನುವುದನ್ನು ಬಿಡಬೇಡ.

ತುಂಡು ಬಿಟ್ಟು ಬರೀ ಸಾರು ಹಾಕಿಕೊಂಡರೆ ನಡೆಯುತ್ತಾ ಅಂತ ನಿನಗೂ ಒಂದು ದಿನ ಪ್ರಶ್ನೆ ಬರುತ್ತದೆ. ಎಲ್ಲರಿಗೂ ಬರುತ್ತದೆ. ಪೋಷಣೆಯ ಲೆಕ್ಕದಲ್ಲಿ ಅದು ದೊಡ್ಡ ವಿಷಯವೇ ಅಲ್ಲ. ಮನಸ್ಸಿನ ಲೆಕ್ಕ ನಿನ್ನದು. ಮೊದಲ ತಿಂಗಳುಗಳಲ್ಲಿ ಮನೆಯ ನೆಮ್ಮದಿಗಾಗಿ ಅಷ್ಟು ಬಿಟ್ಟುಕೊಟ್ಟವರನ್ನು ನಾನು ನೋಡಿದ್ದೇನೆ. ಅವರಲ್ಲಿ ಬಹಳ ಮಂದಿ ಸಸ್ಯಾಹಾರಿಗಳಾಗಿ ಉಳಿದಿದ್ದಾರೆ.

ಇಲ್ಲಿ ಗಾಂಧೀಜಿ ನೆನಪಾಗುತ್ತಾರೆ. ಅವರು ಹುಟ್ಟಿನಿಂದ ಸಸ್ಯಾಹಾರಿಗಳ ಮನೆಯವರು. ಆದರೆ ಹದಿಹರೆಯದಲ್ಲಿ ಗೆಳೆಯನೊಬ್ಬನ ಮಾತು ಕೇಳಿ ಕದ್ದು ಮಾಂಸ ತಿಂದಿದ್ದರು. ಮೊದಲ ಸಲ ತಿಂದ ರಾತ್ರಿ ಆಡು ಹೊಟ್ಟೆಯೊಳಗೆ ಅರಚಿದ ಹಾಗೆ ಅನ್ನಿಸಿ ನಿದ್ದೆ ಬರಲಿಲ್ಲವಂತೆ. ಆಮೇಲೆ ಬಿಟ್ಟರು. ಕಾರಣ ಆಡಲ್ಲ. ಅಪ್ಪ ಅಮ್ಮನಿಗೆ ಸುಳ್ಳು ಹೇಳಬೇಕಾಗುತ್ತಿತ್ತು, ಅದು ಸಹಿಸಲಾಗಲಿಲ್ಲ. 1888ರಲ್ಲಿ ಲಂಡನ್ನಿಗೆ ಹೋಗುವಾಗ ಮಾಂಸ ಮುಟ್ಟುವುದಿಲ್ಲ ಅಂತ ಅಮ್ಮನಿಗೆ ಮಾತು ಕೊಟ್ಟರು. ಅಲ್ಲಿ ಹೊಟ್ಟೆ ತುಂಬದೆ ಪರದಾಡುತ್ತಾ ಅಲೆದು ಕೊನೆಗೆ ಒಂದು ಸಸ್ಯಾಹಾರಿ ಹೋಟೆಲ್ ಸಿಕ್ಕಿತು. ಅಲ್ಲೇ ಹೆನ್ರಿ ಸಾಲ್ಟ್ ಸಸ್ಯಾಹಾರದ ಪರವಾಗಿ ಬರೆದ ಪುಸ್ತಕ ಕೊಂಡು ಓದಿದರು. ಅಲ್ಲಿಯ ತನಕ ಕೊಟ್ಟ ಮಾತಿಗಾಗಿ ಸಸ್ಯಾಹಾರಿಯಾಗಿದ್ದವರು ಆವತ್ತಿನಿಂದ ತಮ್ಮದೇ ಆಯ್ಕೆಯಿಂದ ಆದರು. ಮುಂದೆ ಹಾಲನ್ನೂ ಬಿಡುವ ವ್ರತ ತೊಟ್ಟರು. 1918ರಲ್ಲಿ ಕಾಯಿಲೆ ಬಿದ್ದು ಸಾಯುವ ಹಾಗಾದಾಗ, ಆ ವ್ರತ ಹಸು ಎಮ್ಮೆಯ ಹಾಲಿಗೆ ಮಾತ್ರ ಅಂದುಕೊಂಡು ಆಡಿನ ಹಾಲು ಕುಡಿಯಲು ಒಪ್ಪಿದರು. ಅದರ ನೋವು ಅವರಿಗೆ ಕೊನೆಯ ತನಕ ಇತ್ತು, ಆದರೂ ಕುಡಿದರು.

ಹಾಗಾಗಿ ಆಣೆ ಪ್ರಮಾಣ ಏನೂ ಮಾಡಬೇಡ. ಆರು ವಾರ ಮಾಡಿ ನೋಡುತ್ತೇನೆ ಅಂತ ಮನೆಯಲ್ಲಿ ಹೇಳು. ಕೋಳಿ ಹೇಗೂ ಗಂಟಲಲ್ಲಿ ಇಳಿಯುತ್ತಿಲ್ಲ, ಅದು ಮೊದಲು ಹೋಗಲಿ. ಉಳಿದದ್ದು ಒಂದೊಂದಾಗಿ. ಆ ಆರು ವಾರದಲ್ಲಿ ತಟ್ಟೆಯಿಂದ ಒಂದು ಹೋದ ದಿನವೇ ಇನ್ನೊಂದು ಬರಬೇಕು. ತಿಂದದ್ದನ್ನು ವಾರಕ್ಕೆ ಎರಡು ದಿನ ಬರೆದಿಡು. ತೂಕ ಬರೆಯಬೇಡ, ಊಟ ಮಾತ್ರ. ಮಧ್ಯದಲ್ಲಿ ಒಂದು ದಿನ ಮದುವೆ ಮನೆಯಲ್ಲೋ ಗೆಳೆಯರ ಜೊತೆಗೋ ಮಾಂಸ ತಿಂದುಬಿಟ್ಟರೆ ಎಲ್ಲಾ ಮುಗಿಯಿತು ಅಂತ ಅಳಬೇಡ. ಮಾರನೆಯ ದಿನ ಮತ್ತೆ ಶುರು. ಇನ್ನೊಂದು ಸಣ್ಣ ವಿಷಯ. ಔಷಧಿಯ ಕ್ಯಾಪ್ಸೂಲ್ ಹೊದಿಕೆ ಬಹಳ ಸಲ ಪ್ರಾಣಿಗಳ ಜೆಲಾಟಿನ್‌ನಿಂದ ಮಾಡಿದ್ದು. ಅದಕ್ಕಾಗಿ ಔಷಧಿ ಬಿಡಬೇಡ, ಬದಲಿ ಇದೆಯಾ ಅಂತ ಡಾಕ್ಟರನ್ನು ಕೇಳು.

ಆರು ವಾರದ ನಂತರ ಸುಸ್ತಿಲ್ಲದೆ, ಮನಸ್ಸಿಗೂ ಹಗುರ ಅನ್ನಿಸಿದರೆ ಮುಂದುವರಿಸು. ಕಷ್ಟವಾದರೆ ವಾರದಲ್ಲಿ ಕೆಲವು ದಿನ ಅಂತ ಇಟ್ಟುಕೋ. ಹದಿನೆಂಟಕ್ಕೋ ಇಪ್ಪತ್ತಕ್ಕೋ ಮತ್ತೆ ಯೋಚಿಸಬಹುದು. ಯಾವುದಾದರೂ ಸರಿ, ಆರು ವಾರ ಆದ ಮೇಲೆ ನನಗೆ ಬರೆ. ಡೈರಿಯ ಎರಡು ದಿನದ ಪುಟವನ್ನೂ ಕಳಿಸು, ಓದಿ ಏನು ಕಡಿಮೆ ಇದೆ ಅಂತ ಹೇಳುತ್ತೇನೆ.

ಇವತ್ತು ರಾತ್ರಿ ಮಲಗುವ ಮುಂಚೆ ಒಂದು ಲೋಟ ಕಡಲೆಕಾಳು ನೆನೆಸಿಡು. ಬೆಳಿಗ್ಗೆ ಅದು ಎರಡರಷ್ಟು ಉಬ್ಬಿರುತ್ತದೆ. ಅದನ್ನು ಎಷ್ಟು ಹೊತ್ತು ಬೇಯಿಸಬೇಕು ಅಂತ ಅಮ್ಮನನ್ನು ಕೇಳು, ಬೆಂದ ಮೇಲೆ ನಿಂಬೆ ಹಿಂಡಿ ಅವರಿಗೂ ಒಂದು ಬಟ್ಟಲು ಕೊಡು.